ಹೆಬ್ಬೆಟ್ಟು ಕೈಕೊಟ್ಟ ಕಥೆ

ನಮ್ಮಜ್ಜಿ ಹೆಬ್ಬೆಟ್ಟು. ಜಮೀನಿನ ಪತ್ರ, ಸೊಸೈಟಿ ಸಾಲ, ಏನೇ ಇರಲಿ, ಇಂಕಿನ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಒಂದು ಗುದ್ದು ಗುದ್ದಿದರೆ ಕೆಲಸ ಮುಗಿಯಿತು. ನಾನು ಬಿ.ಕಾಂ. ಆದರೂ ದಿನಾ ಬೆಳಗ್ಗೆ ಒಂಬತ್ತೂವರೆಗೆ ಆಫೀಸಿನ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿದರೇನೇ ನನಗೆ ಸಂಬಳ. ಅಜ್ಜಿಗೂ ನನಗೂ ಒಂದೇ ವ್ಯತ್ಯಾಸ. ಅಜ್ಜಿಯ ಹೆಬ್ಬೆಟ್ಟು ಒಂದು ದಿನವೂ ಕೈಕೊಡಲಿಲ್ಲ.

ನಾನು ಮಷೀನಿಗೆ ಕೊಟ್ಟಿರುವುದು ಎಡಗೈ ಹೆಬ್ಬೆಟ್ಟು. ಮಷೀನು ಬಂದ ದಿನ ಎಲ್ಲರೂ ಸಾಲಾಗಿ ನಿಂತು ಬೆರಳು ಕೊಡುತ್ತಿದ್ದರು. ನನ್ನ ಬಲಗೈಯಲ್ಲಿ ಬಿಸಿ ಬಿಸಿ ಕಾಫಿ ಲೋಟ. ಇಡೋಕೆ ಜಾಗ ಇರಲಿಲ್ಲ. "ಯಾವ ಕೈಯಾದ್ರೂ ಪರವಾಗಿಲ್ಲ, ಬೇಗ ಕೊಡಿ ಸಾರ್" ಅಂದ ಮಷೀನು ಕೂರಿಸಲು ಬಂದ ಹುಡುಗ. ಕೊಟ್ಟೆ. ಆ ಅರ್ಧ ಲೋಟ ಕಾಫಿ ಎಷ್ಟು ದುಬಾರಿ ಬಿತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಅಕ್ಕನ ಮಗ ಬೆಂಗಳೂರಿನಲ್ಲಿ ಹಾಸ್ಟೆಲ್ ಸೇರಿದ. ಹೋಗುವಾಗ ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ತನ್ನ ಪೆಟ್ಟಿಗೆ, ಪ್ಲೇಸ್ಟೇಷನ್ 4, ತಂದು ನಮ್ಮ ಮನೆಯಲ್ಲಿ ಇಟ್ಟ. "ನಮ್ಮನೇಲಿದ್ರೆ ಅಮ್ಮ ಗುಜರಿಗೆ ಹಾಕ್ತಾಳೆ ಮಾಮ." ಜೊತೆಗೆ ಒಂದು ಡಿಸ್ಕು. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಸ್ಟ್ರೀಟ್ ಫೈಟರ್ ಆಟಕ್ಕೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ ಕ್ಯಾಪ್‌ಕಾಮ್ ಕಂಪನಿಯವರು 2018ರಲ್ಲಿ ತಂದದ್ದು. ಹಳೇ ಆಟಗಳು 12, ಒಂದೇ ಡಿಸ್ಕಿನಲ್ಲಿ.

ಅದರ ಡಬ್ಬಿ ನೋಡಿದ ತಕ್ಷಣ ನನ್ನ ಮೂಗಿಗೆ ಬೀಡಿ ಹೊಗೆ, ಮೂಸಂಬಿ ಸಿಪ್ಪೆ ಎರಡೂ ಒಟ್ಟಿಗೆ ಬಡಿದ ಹಾಗಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ, ಜ್ಯೂಸ್ ಅಂಗಡಿ ಪಕ್ಕದ ಸಂದಿಯಲ್ಲಿ, ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. ನಮ್ಮ ಸಂದಿಗೆ ಬರುವ ಹೊತ್ತಿಗೆ ನನಗೆ ಮೀಸೆ ಚಿಗುರುತ್ತಿತ್ತು. ಒಂದು ರೂಪಾಯಿಗೆ ಒಂದು ಆಟ. ನನ್ನ ರೂಪಾಯಿ ಎರಡು ನಿಮಿಷಕ್ಕಿಂತ ಜಾಸ್ತಿ ಬಾಳಿದ್ದೇ ಇಲ್ಲ. ಆಮೇಲೆ ಬೇರೆಯವರ ಹೆಗಲ ಮೇಲಿಂದ ಇಣುಕುವುದು. ಕೆಲವು ಹುಡುಗರು ಆಟದ ಮಷೀನಿನ ಕೋಲು ಹಿಡಿದು ಏನೋ ಮಾಡಿದರೆ ಪರದೆಯಲ್ಲಿದ್ದವನ ಅಂಗೈಯಿಂದ ನೀಲಿ ಉಂಡೆ ಹೊರಡುತ್ತಿತ್ತು. ಜೊತೆಗೆ 'ಹಡೋಕೆನ್' ಅಂತ ಒಂದು ಕೂಗು. ನಮ್ಮ ಕಿವಿಗೆ ಅದು 'ಹಾಡು ಕೇಳ್' ಅಂತ ಕೇಳಿಸುತ್ತಿತ್ತು. ಹೇಗೆ ಮಾಡೋದು ಅಂತ ಕೇಳಿದರೆ ಒಬ್ಬನೂ ಹೇಳುತ್ತಿರಲಿಲ್ಲ. ಮೈಸೂರು ಪಾಕಿನ ಹದ ಕೇಳಿದ ಹಾಗೆ ಮುಖ ತಿರುಗಿಸುತ್ತಿದ್ದರು.

ಅಂದು ಉಳಿದ ಆಸೆ ಈಗ ನಲವತ್ತು ದಾಟಿದ ಮೇಲೆ ಎದ್ದು ಕೂತಿತು.

ಅಳಿಯನಿಗೆ ಫೋನ್ ಮಾಡಿದೆ. "ಮಾಮ, ಸುಮ್ನೆ ಎಲ್ಲಾ ಬಟನ್ ಕುಟ್ಟಬೇಡ. ಕೆಳಗಿನ ಬಾಣ ಒತ್ತು. ಬೆರಳು ಎತ್ತದೆ ಓರೆಯಾಗಿ ಜಾರಿಸ್ಕೊಂಡು ಮುಂದಿನ ಬಾಣಕ್ಕೆ ಬಾ. ಬಂದ ತಕ್ಷಣ ಗುದ್ದು." ಅಂದರೆ ಕಾವಲಿ ಮೇಲೆ ದೋಸೆ ಹಿಟ್ಟು ಎಳೆದ ಹಾಗೆ ಕಾಲು ಸುತ್ತು. ಇಷ್ಟೇನಾ ಅನ್ನಿಸಿತು. ಇಷ್ಟೇ ಅಲ್ಲ. ಈ ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಓಡುತ್ತವೆ. ನಾನು ಕೆಳಗಿಂದ ಓರೆಗೆ ಬರುವಷ್ಟರಲ್ಲಿ ಎದುರಾಳಿ ಬಂದು ಹೊಡೆದು ವಾಪಸ್ ಹೋಗಿ ನಿಂತಿರುತ್ತಿದ್ದ. ಅದೂ ನಾನು ಹಾಕಿಕೊಂಡಿದ್ದು 1992ರ ಹೈಪರ್ ಫೈಟಿಂಗ್, ಸ್ಟ್ರೀಟ್ ಫೈಟರ್ 2 ಆಟದ್ದೇ ವೇಗದ ಅವತಾರ. ಅದಕ್ಕೂ ಮುಂಚೆ ಯಾರೋ ಆಟದ ಚಿಪ್ಪುಗಳನ್ನೇ ತಿದ್ದಿ, ಹುಚ್ಚು ವೇಗದ ಕಳ್ಳ ಬೋರ್ಡುಗಳನ್ನು ಅಮೆರಿಕದಲ್ಲಿ ಬಿಟ್ಟಿದ್ದರು. ಜನಕ್ಕೆ ಆ ವೇಗ ಹಿಡಿಸಿಬಿಟ್ಟಿತು. ಕೊನೆಗೆ ಕಂಪನಿಯವರೇ ವೇಗ ಏರಿಸಿ ಇದನ್ನು ತಂದರು. ಕಳ್ಳನ ಹತ್ತಿರ ಮಾಲೀಕ ಪಾಠ ಹೇಳಿಸಿಕೊಂಡದ್ದಕ್ಕೆ ಫೀಸು ಕಟ್ಟಿದ್ದು ನನ್ನ ಬೆರಳು.

ಮೂರನೇ ರಾತ್ರಿ, ಹನ್ನೆರಡೂ ಮುಕ್ಕಾಲಿಗೆ, ಉಂಡೆ ಬಂತು! ನನ್ನದೇ ಉಂಡೆ! ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ಒಳಗಿಂದ ನನ್ನ ಹೆಂಡತಿ, "ರೀ, ಕಳ್ಳ ಬಂದ್ನಾ?"

"ಇಲ್ಲ ಕಣೇ, ಬೆಂಕಿ ಬಂತು!"

ಅವಳು ದಡದಡ ಓಡಿದ್ದು ನನ್ನ ಹತ್ತಿರ ಅಲ್ಲ, ಅಡುಗೆಮನೆಗೆ. ಸಿಲಿಂಡರ್ ರೆಗ್ಯುಲೇಟರ್ ತಿರುಗಿಸಿ, ಕಿಟಕಿ ತೆರೆದು, ಆಮೇಲೆ ಹಾಲಿಗೆ ಬಂದು ಟಿವಿ ನೋಡಿದಳು. ನನ್ನನ್ನು ನೋಡಿದಳು. ಒಂದೂ ಮಾತಾಡದೆ ಹೋಗಿ ಮಲಗಿದಳು. ಬೈದಿದ್ದರೆ ವಾಸಿ ಇತ್ತು.

ಅಮ್ಮ ಹಾಗಲ್ಲ. ಸಂಜೆ ಹೊತ್ತು ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಇದರಲ್ಲಿ ಇಂಡಿಯಾದವನು ಒಬ್ಬ ಇದ್ದಾನೆ, ಧಲ್ಸಿಮ್ ಅಂತ. ಮೈಯಲ್ಲಿ ಮೂಳೆ ಚಕ್ಕಳ, ಕೊರಳಲ್ಲಿ ತಲೆಬುರುಡೆ, ಹಿಂದೆ ಘೀಳಿಡುವ ಆನೆಗಳು. ಯೋಗ ಮಾಡಿ ಮಾಡಿ ಕೈಕಾಲು ರಬ್ಬರಿನ ಹಾಗೆ ಮಾರುದ್ದ ಚಾಚುತ್ತಾನೆ, ಬಾಯಿಂದ ಬೆಂಕಿ ಉಗುಳುತ್ತಾನೆ. ಅಮ್ಮ ಅವನನ್ನು ಬಹಳ ಹೊತ್ತು ನೋಡಿ, "ಪಾಪ, ಊಟ ಹಾಕೋರು ಯಾರೂ ಇಲ್ವೇನೋ. ನಮ್ಮ ಸಿದ್ಧಗಂಗೆ ಮಠದಲ್ಲಿ ಒಂದು ವಾರ ಬಿಟ್ರೆ ಮುದ್ದೆ ತಿಂದು ಸರಿ ಹೋಗ್ತಾನೆ" ಅಂದಳು.

ಇನ್ನೊಬ್ಬ ರಷ್ಯಾದ ಪೈಲ್ವಾನ, ಜಾಂಗೀಫ್. ಎದುರಾಳಿಯನ್ನು ಹಿಡಿದು ಗಾಳಿಯಲ್ಲಿ ತಿರುಗಿಸಿ ನೆಲಕ್ಕೆ ಕುಕ್ಕುವುದು ಅವನ ವಿದ್ಯೆ. ಅದಕ್ಕೆ ಕಾಲು ಸುತ್ತು ಸಾಲದು, ಬೆರಳು ಒಂದು ಪೂರ್ತಿ ಸುತ್ತು ಹಾಕಬೇಕು. ನನ್ನ ಹೆಬ್ಬೆರಳು ಗರಗರ ತಿರುಗುವುದನ್ನು ನೋಡಿ ಅಮ್ಮ, "ಮದುವೆಗೆ ಮುಂಚೆ ಒಂದು ದಿನ ಒರಳಿನ ಮುಂದೆ ಕೂತ್ಕೊಂಡು ಹಿಂಗೆ ತಿರುಗಿಸಿದ್ರೆ ನಂಗೆ ಎಷ್ಟೋ ಸಹಾಯ ಆಗ್ತಿತ್ತು ಕಣೋ" ಅಂದಳು. ಪೈಲ್ವಾನ ಅಷ್ಟರಲ್ಲಿ ಸುಮ್ನೆ ಒಂದು ಸಲ ಮೇಲಕ್ಕೆ ಹಾರಿ ಕೆಳಗೆ ಬಂದಿದ್ದ.

ಹತ್ತನೇ ದಿನ ಬೊಬ್ಬೆ ಎದ್ದಿತು. ಕೈಯಲ್ಲಿ ಹಿಡಿದು ಆಡುವ ಆ ಕಂಟ್ರೋಲರಿನಲ್ಲಿ ನಾಲ್ಕು ಬಾಣವೂ ಎಡಗೈ ಹೆಬ್ಬೆರಳಿನ ಕೆಳಗೆ, ಬೇರೆ ಬೇರೆ ಬಟನ್. ಒಂದರಿಂದ ಒಂದಕ್ಕೆ ಜಾರುವಾಗ ಅಂಚು ಚರ್ಮಕ್ಕೆ ಉಜ್ಜುತ್ತದೆ. ಮೊದಲು ಕೆಂಪಾಯಿತು, ಆಮೇಲೆ ಹೊಳೆಯಿತು, ಆಮೇಲೆ ಬೆರಳ ತುದಿಯ ನಟ್ಟನಡುವೆ, ರೇಖೆಗಳೆಲ್ಲ ಸುಳಿ ಸುತ್ತುವ ಜಾಗದಲ್ಲೇ, ಬೇಯಿಸಿದ ಸಬ್ಬಕ್ಕಿಯ ಹಾಗೆ ಉಬ್ಬಿ ನಿಂತಿತು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು ಅಲ್ವಾ? ಪ್ಲಾಸ್ಟರ್ ಸುತ್ತಿಕೊಂಡು ಇನ್ನೆರಡು ದಿನ ಆಡಿದೆ. ಒಡೆಯಿತು.

ಎಡಗೈ ಹೆಬ್ಬೆರಳಿಗೆ ದಿನಕ್ಕೆ ಎಷ್ಟು ಕೆಲಸ ಇದೆ ಅಂತ ತಿಳಿಯಬೇಕಾದರೆ ಬಟವಾಡಿಯಿಂದ ಟೌನ್ ಹಾಲ್ ಸರ್ಕಲ್‌ವರೆಗೆ ಬಿ.ಎಚ್. ರಸ್ತೆಯಲ್ಲಿ ಬೈಕು ಓಡಿಸಿ ನೋಡಬೇಕು. ಹಾರ್ನ್ ಅದರದ್ದೇ. ಇಂಡಿಕೇಟರ್ ಅದರದ್ದೇ. ಹಾರ್ನ್ ಇಲ್ಲದೆ ಬಿ.ಎಚ್. ರಸ್ತೆಗೆ ಇಳಿಯುವುದು ಅಂದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಂತೆಗೆ ಹೋದ ಹಾಗೆ. ಹೆಬ್ಬೆರಳು ಮೇಲೆತ್ತಿ, ಕೈ ತಿರುಚಿ, ತೋರುಬೆರಳಿನಿಂದ ಹಾರ್ನ್ ಒತ್ತಲು ಹೋದೆ. ಇಂಡಿಕೇಟರ್ ಎಡಕ್ಕೆ ಬಿತ್ತು. ತಿರುಗಬೇಕಾದ್ದು ಬಲಕ್ಕೆ. ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, "ಅಣ್ಣಾ, ಯಾವ ಕಡೆ ಅಂತ ಡಿಸೈಡ್ ಮಾಡ್ಕೊಂಡು ಮನೆ ಬಿಡಣ್ಣಾ!" ಅಂದ. ನನಗೆ ಬೇಜಾರಾಗಲಿಲ್ಲ. ಎದುರಾಳಿ ತಲೆ ಮೇಲೆ ಹಾರಿ ಆ ಕಡೆ ಹೋದರೆ ಬಾಣಗಳೆಲ್ಲ ಉಲ್ಟಾ ಆಗುತ್ತವೆ. ಹತ್ತು ದಿನದಿಂದ ನನಗೆ ಎಡ ಬಲ ಎರಡೂ ಒಂದೇ ಆಗಿತ್ತು.

ಆಫೀಸಿಗೆ ಬಂದೆ. ಪ್ಲಾಸ್ಟರ್ ಬಿಚ್ಚಿ ಬೆರಳಿಟ್ಟೆ. ಮಷೀನು 'ಪ್ಲೀಸ್ ಟ್ರೈ ಎಗೇನ್' ಅಂದಿತು. ಅಂಗಿಗೆ ಒರೆಸಿ ಇಟ್ಟೆ. 'ಪ್ಲೀಸ್ ಟ್ರೈ ಎಗೇನ್.' ಊದಿ ಇಟ್ಟೆ. ಓರೆಯಾಗಿ ಇಟ್ಟೆ. ಅಭ್ಯಾಸ ಬಲ ನೋಡಿ, ಕೊನೆಗೆ ಗಾಜಿನ ಮೇಲೆ ಕಾಲು ಸುತ್ತು ಎಳೆದೂ ನೋಡಿದೆ. ಹಿಂದೆ ಹನ್ನೊಂದು ಜನ ಸಾಲು. ಎಲ್ಲರದ್ದೂ ಒಂದೇ ಪ್ರಶ್ನೆ, ಬೆರಳಿಗೇನಾಯ್ತು?

"ತೆಂಗಿನಕಾಯಿ ಸುಲೀತಿದ್ದೆ" ಅಂದುಬಿಟ್ಟೆ.

ತುಮಕೂರಿನಲ್ಲಿ ನಿಂತು ತೆಂಗಿನಕಾಯಿ ವಿಷಯದಲ್ಲಿ ಸುಳ್ಳು ಹೇಳಬಾರದು. ಸಾಲಿನಲ್ಲಿ ತಿಪಟೂರು ಕಡೆಯವರೊಬ್ಬರು ಇದ್ದರು. ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. "ಹಾರೆಗೆ ಹಾಕಿ ಸುಲಿದ್ರಾ, ಮಚ್ಚಲ್ಲಿ ಕೆತ್ತಿದ್ರಾ?"

"ಮಚ್ಚಲ್ಲಿ."

"ಮಚ್ಚು ಹಿಡಿಯೋದು ಬಲಗೈಲಿ. ಕಾಯಿ ಎಡಗೈಲಿ. ಏಟು ತಪ್ಪಿದ್ರೆ ಎಡಗೈ ಕೊಯ್ಯುತ್ತೆ ಸ್ವಾಮಿ, ಬೊಬ್ಬೆ ಬರಲ್ಲ. ಇದು ಮಚ್ಚಿನ ಗಾಯ ಅಲ್ಲ."

"ಹಾರೆ" ಅಂದೆ.

"ಹಾರೆ ಅಂದ್ರೆ ಎರಡು ಅಂಗೈಗೂ ಬರಬೇಕು. ನಿಮ್ಗೆ ಒಂದೇ ಬೆರಳಿಗೆ ಬಂದಿದೆ." ಕೋರ್ಟಿನಲ್ಲಿ ಹೇಳಿಕೆ ಮುಗಿಸಿದ ಹಾಗೆ ಅವರು ತಮ್ಮ ಬೆರಳು ಒತ್ತಿ ಒಳಗೆ ಹೋದರು. ಅವರಿಗೆ ಮಷೀನು 'ಥ್ಯಾಂಕ್ ಯೂ' ಅಂದಿತು.

ಬೆರಳು ತಗೊಳ್ಳದಿದ್ದರೆ ಮ್ಯಾನೇಜರಿಗೆ ಅರ್ಜಿ ಕೊಡಬೇಕು, ಇಲ್ಲದಿದ್ದರೆ ಅರ್ಧ ದಿನದ ರಜೆ ಹೋಗುತ್ತದೆ. ಅರ್ಜಿಯಲ್ಲಿ ಕಾರಣ ಅಂತ ಒಂದು ಗೆರೆ. ಬರೆದೆ, ಹೊಡೆದುಹಾಕಿದೆ, ಮತ್ತೆ 'ಗೃಹಕೃತ್ಯದ ವೇಳೆ ಗಾಯ' ಅಂತ ಬರೆದೆ. ಹೆಂಡತಿ ಓದಿದ್ದರೆ ಇನ್ನೊಂದು ಗಾಯ ಆಗುತ್ತಿತ್ತು.

ಮ್ಯಾನೇಜರ್ ಕನ್ನಡಕ ಏರಿಸಿ ಓದಿದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಕ್ಕಿದ್ದನ್ನು ನಾನು ನೋಡಿಲ್ಲ. "ಎಲ್ಲಿ, ಬೆರಳು ತೋರಿಸಿ" ಅಂದರು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಬಾಗಿಲ ಕಡೆ ಒಂದು ಸಲ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ರ್ಯೂನಾ, ಕೆನ್ನಾ?"

ನನಗೆ ಬಾಯಿ ಕಟ್ಟಿತು. ಇವರೂ ಆ ಸಂದಿಯವರೇ! ಗೊತ್ತಿಲ್ಲದವರಿಗೆ ಹೇಳುತ್ತೇನೆ, ರ್ಯೂ ಬಿಳಿ ಬಟ್ಟೆಯವನು, ಕೆನ್ ಕೆಂಪು ಬಟ್ಟೆಯವನು. 1991ರ ಆಟದಲ್ಲಿ ಇಬ್ಬರ ಏಟುಗಳೂ ಹೆಚ್ಚುಕಮ್ಮಿ ಒಂದೇ. ಆಗ ಇಬ್ಬರು ಆಡುವಾಗ ಇಬ್ಬರೂ ಒಬ್ಬನನ್ನೇ ಆರಿಸಿಕೊಳ್ಳುವ ಹಾಗಿರಲಿಲ್ಲ, ಅದಕ್ಕೆ ಒಬ್ಬರು ರ್ಯೂ ಹಿಡಿದರೆ ಇನ್ನೊಬ್ಬರು ಕೆನ್. ಆ ಅಂಗಡಿಯಲ್ಲಿ ಇದರ ಮೇಲೆಯೇ ಎರಡು ಪಾರ್ಟಿ ಆಗಿತ್ತು.

"ರ್ಯೂ, ಸಾರ್" ಅಂದೆ, ಎದೆಯುಬ್ಬಿಸಿ.

ಅವರು ಪೆನ್ನಿನ ಕ್ಯಾಪ್ ಮುಚ್ಚಿ ಅರ್ಜಿಯನ್ನು ನನ್ನ ಕಡೆ ತಳ್ಳಿದರು.

"ಅರ್ಧ ದಿನ ರಜೆ ಬರ್ಕೊಡಿ. ಕೆನ್ ಆಗಿದ್ರೆ ನೋಡಬಹುದಿತ್ತು."