ಸಂಗ್ರಹಿಸಲು ಹಣವಿದೆ, ಉಳಿಸಿಕೊಳ್ಳಲು ಬಾಬ್ತಿಲ್ಲ

ಈ ವರ್ಷದ ಮಾರ್ಚ್ 31ಕ್ಕೆ ಮುಗಿದ ನನ್ನ ಸಂಶೋಧನಾ ಯೋಜನೆಯ ಖಾತೆಯಲ್ಲಿ ಉಳಿದಿದ್ದ ₹62,000ವನ್ನು, ಅದರ ಮೇಲಿನ ಬಡ್ಡಿಯನ್ನೂ ಸೇರಿಸಿ, ಅನುದಾನ ಕೊಟ್ಟ ಸಂಸ್ಥೆಗೆ ಹಿಂದಿರುಗಿಸಿದ್ದೇನೆ. ಅದಕ್ಕೂ ಮುಂಚೆ, ಅದೇ ಯೋಜನೆಯ ಧ್ವನಿಮುದ್ರಣಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟು ನಿಂತಿದ್ದರಿಂದ ಅದರೊಳಗಿನ ಫೈಲುಗಳನ್ನು ಹೊರತೆಗೆಯಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ₹48,000 ಕೇಳಿದರು. ಕೊಡಲಾಗದೆ ಡಿಸ್ಕನ್ನು ಹಾಗೆಯೇ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿ ವಾಪಸು ಬಂದೆ. ಹಣ ಇತ್ತು, ಅಗತ್ಯವೂ ಇತ್ತು. ಅವೆರಡನ್ನು ಕೂಡಿಸುವ ಬಾಬ್ತು ಮಾತ್ರ ಇರಲಿಲ್ಲ. ಈ ಸಂಕಟವನ್ನು ಎರಡು ತಿಂಗಳಿಂದ ನುಂಗಿಕೊಂಡಿದ್ದೇನೆ, ಇನ್ನು ಸಾಧ್ಯವಿಲ್ಲ.

ವಿಷಯ ಇದು. ಶಿರಾ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ, ಅವರು ದೈವವೆಂದು ನಂಬುವ ವೀರ ಜುಂಜಪ್ಪನ ಕಾವ್ಯವನ್ನು ಹಾಡುವ ಹಿರಿಯರು ಇನ್ನೂ ಇದ್ದಾರೆ. ಆಳುದ್ದದ ಬಿದಿರಿನ ಗಣೆಯನ್ನು ಊದುತ್ತಾ, ನಡುನಡುವೆ ಹಾಡುತ್ತಾ ಅವರು ರಾತ್ರಿಯಿಡೀ ಕತೆಯನ್ನು ನಡೆಸುತ್ತಾರೆ. ಅವರ ಹಾಡಿಕೆಯನ್ನು ಮೂರು ವರ್ಷ ಮುದ್ರಿಸಿಕೊಳ್ಳುವುದು ನಮ್ಮ ಯೋಜನೆಯಾಗಿತ್ತು. ಯೋಜನೆ ಮುಗಿಯುವಾಗ ನಮ್ಮ ಬಳಿ 212 ಗಂಟೆಗಳ ಧ್ವನಿ, 90 ಗಂಟೆಗಳ ವಿಡಿಯೊ ಇದ್ದವು. ಒಳ್ಳೆಯ ಗುಣಮಟ್ಟದ ಧ್ವನಿ ಗಂಟೆಗೆ ಸುಮಾರು ಒಂದು ಜಿಬಿ ಜಾಗ ಕೇಳುತ್ತದೆ. ನಮ್ಮ ಕ್ಯಾಮೆರಾದ ವಿಡಿಯೊ ಗಂಟೆಗೆ ಸುಮಾರು 22 ಜಿಬಿ. ಒಟ್ಟು ಎರಡು ಟಿಬಿಗಿಂತ, ಅಂದರೆ ಎರಡು ಸಾವಿರ ಜಿಬಿಗಿಂತ, ಸ್ವಲ್ಪ ಹೆಚ್ಚು. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ಈ ಕೆಲಸ ಬಲ್ಲವರೆಲ್ಲ ಹೇಳುವ ಮೊದಲ ಪಾಠ. ಹಾಗೆ ನೋಡಿದರೂ ಏಳು ಟಿಬಿ ಸಾಕು. ಇಷ್ಟು ಚಿಕ್ಕ ಲೆಕ್ಕವನ್ನು ಮಾಡಲಾರದಷ್ಟು ಬಡತನ ಯಾವ ಅನುದಾನ ಸಂಸ್ಥೆಗೂ ಇಲ್ಲ.

ಅರ್ಜಿ ಹಾಕುವಾಗಲೇ ನಾನು ಈ ಲೆಕ್ಕ ಕೊಟ್ಟಿದ್ದೆ. ‘ದತ್ತಾಂಶ ನಿರ್ವಹಣೆ’ ಎಂಬ ಹೆಸರಿನಲ್ಲಿ ₹1,90,000 ಕೇಳಿದ್ದೆ. ಡಿಸ್ಕುಗಳು, ಐದು ವರ್ಷದ ಕ್ಲೌಡ್ ಬಾಡಿಗೆ, ಫೈಲುಗಳಿಗೆ ವಿವರ ಬರೆದು ಹೊಂದಿಸುವ ಒಬ್ಬ ಅರೆಕಾಲಿಕ ಸಹಾಯಕರ ಸಂಭಾವನೆ, ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿದ್ದೆ. ಮಂಜೂರಾತಿ ಪತ್ರ ಬಂದಾಗ ಆ ಸಾಲು ಇರಲೇ ಇಲ್ಲ. ಪ್ರವಾಸಕ್ಕೆ ಕೇಳಿದ್ದು ಸಿಕ್ಕಿತ್ತು, ಕ್ಯಾಮೆರಾಕ್ಕೆ ಸಿಕ್ಕಿತ್ತು, ಕೊನೆಗೆ ವಿಚಾರ ಸಂಕಿರಣದ ಊಟೋಪಚಾರಕ್ಕೂ ಸಿಕ್ಕಿತ್ತು. ದತ್ತಾಂಶದ ಎದುರು ‘ಆತಿಥೇಯ ಸಂಸ್ಥೆಯ ಸೌಲಭ್ಯವನ್ನೇ ಬಳಸಿಕೊಳ್ಳತಕ್ಕದ್ದು’ ಎಂಬ ಒಂದು ವಾಕ್ಯವಿತ್ತು. ಆತಿಥೇಯ ಸಂಸ್ಥೆಯ, ಅಂದರೆ ನಾನು ಕೆಲಸ ಮಾಡುವ ಸಂಸ್ಥೆಯ, ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ ವಿಚಾರಿಸಿದರೆ, ಒಬ್ಬ ಅಧ್ಯಾಪಕರಿಗೆ 50 ಜಿಬಿ ಎಂದರು. ಹಟ್ಟಿಯಲ್ಲಿ ಒಂದು ರಾತ್ರಿ ಏಳು ಗಂಟೆ ನಡೆದ ಹಾಡಿಕೆಯ ವಿಡಿಯೊ ಒಂದೇ 150 ಜಿಬಿ ದಾಟುತ್ತದೆ. ಸಂಸ್ಥೆಯ ಖರ್ಚಿಗೆಂದು ನಮ್ಮ ಅನುದಾನದಿಂದ ಪ್ರತಿವರ್ಷ ಒಂದು ಪಾಲನ್ನು ಮೊದಲೇ ಕಡಿದುಕೊಳ್ಳುತ್ತಾರೆ. ಆ ಪಾಲಿನಲ್ಲಿ ಇದು ಸೇರುವುದಿಲ್ಲವೇ ಎಂದು ಕೇಳಿದ್ದಕ್ಕೆ ಅದು ವಿದ್ಯುತ್ತು, ನೀರು, ಕಟ್ಟಡದ ನಿರ್ವಹಣೆಗೆ ಎಂಬ ಉತ್ತರ ಬಂತು. ನೀಡಿದವರು ಪಡೆದವರ ಕಡೆಗೆ ಕೈತೋರಿಸಿದರು, ಪಡೆದವರು ನೀಡಿದವರ ಕಡೆಗೆ ತೋರಿಸಿದರು, ನಡುವೆ ಡಿಸ್ಕ್ ಕೊಂಡವನು ನಾನು.

ಮೊದಲ ಡಿಸ್ಕನ್ನು ಸಾದಿಲ್ವಾರು, ಅಂದರೆ ಬಿಡಿ ಖರ್ಚಿನ, ಬಾಬ್ತಿನಲ್ಲಿ ಕೊಂಡೆವು. ಅದಕ್ಕೇ ಮೂರು ಕೊಟೇಶನ್, ಎರಡು ಟಿಪ್ಪಣಿ, ಆರು ವಾರ. ಎರಡನೆಯದಕ್ಕೆ ಕೇಳಿದಾಗ ಲೆಕ್ಕ ಶಾಖೆಯವರು ‘ಒಂದು ಇದೆಯಲ್ಲ, ಅದು ತುಂಬಿದ ಮೇಲೆ ಬನ್ನಿ’ ಎಂದರು. ಪ್ರತಿ ಎಂದರೇನು, ಏಕೆ ಬೇಕು ಎಂದು ಅಲ್ಲಿ ನಿಂತು ವಿವರಿಸಿದೆ. ಅವರು ಸಿಡುಕಲಿಲ್ಲ, ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆದರೆ ಒಂದೇ ವಸ್ತುವನ್ನು ಎರಡು ಸಲ ಕೊಂಡಿದ್ದೀರಿ ಎಂದು ಆಡಿಟ್‌ನವರು ಆಕ್ಷೇಪಣೆ ಹಾಕಿದರೆ ಉತ್ತರ ಕೊಡಬೇಕಾದವರು ತಮ್ಮ ಶಾಖೆಯವರೇ ಎಂದರು. ಅವರ ಭಯ ಸುಳ್ಳಲ್ಲ. ಅನುದಾನದ ಪತ್ರದಲ್ಲಿ ‘ಪ್ರತಿಗಳಿಗೆ’ ಎಂಬ ಒಂದು ಪದವಿದ್ದಿದ್ದರೆ ಅವರು ಅಂದೇ ಸಹಿ ಹಾಕುತ್ತಿದ್ದರು. ಎರಡನೆಯ ಡಿಸ್ಕನ್ನು ನನ್ನ ಸಂಬಳದಲ್ಲಿ ₹9,800 ಕೊಟ್ಟು ತಂದೆ, ಅದಕ್ಕೆ ಎಲ್ಲವನ್ನೂ ನಕಲು ಮಾಡಿ ಮುಗಿಸಿರಲಿಲ್ಲ. ಕ್ಲೌಡ್ ಬಾಡಿಗೆಯ ಮಾತು ಅಲ್ಲಿಗೇ ನಿಂತಿತು. ಸರಕೋ ಸೇವೆಯೋ ಕೈಸೇರಿದ ಮೇಲೆ ಹಣ ಕೊಡುವುದು ಸರ್ಕಾರಿ ಹಣಕಾಸಿನ ಸಾಮಾನ್ಯ ನಿಯಮ. ಇನ್ನೂ ಬಾರದ ಐದು ವರ್ಷಗಳ ಬಾಡಿಗೆಯನ್ನು ಇಂದೇ ಕಟ್ಟಲು ಅದರಲ್ಲಿ ದಾರಿ ತೋರಿಸುವವರು ಯಾರೂ ಸಿಗಲಿಲ್ಲ.

ಡಿಸ್ಕಿನ ಬೆಲೆಯನ್ನೇ ಹಿಡಿದು ಮಾತನಾಡುವವರಿಗೆ ನಾನು ಹೇಳಬೇಕಾದದ್ದು ಬೇರೆಯೇ ಇದೆ. ಈ ಕೆಲಸದಲ್ಲಿ ಡಿಸ್ಕ್ ಅತ್ಯಂತ ಅಗ್ಗದ ವಸ್ತು. ದುಬಾರಿಯಾದದ್ದು ಮನುಷ್ಯರ ದುಡಿಮೆ. ಧ್ವನಿಮುದ್ರಣದ ಯಂತ್ರ ಫೈಲಿಗೆ ತಾನಾಗಿ ಕೊಡುವ ಹೆಸರು ‘ಜೂಮ್ 0047’ ಎಂಬಂತಿರುತ್ತದೆ. ಅದರೊಳಗೆ ಹಾಡುತ್ತಿರುವವರು ಯಾರು, ಯಾವ ಹಟ್ಟಿ, ಕತೆಯ ಯಾವ ಭಾಗ, ಹಿಮ್ಮೇಳದಲ್ಲಿ ಯಾರಿದ್ದರು, ಇದನ್ನು ಇತರರಿಗೆ ಕೇಳಿಸಲು ಅವರು ಒಪ್ಪಿದ್ದಾರೆಯೇ, ಒಪ್ಪಿಗೆ ಬರೆದುಕೊಟ್ಟಿದ್ದಾರೆಯೇ ಅಥವಾ ಬಾಯಲ್ಲಿ ಹೇಳಿದ್ದಾರೆಯೇ, ಇವೆಲ್ಲ ಅಂದೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ಬರೆದಿಡಬೇಕಾದ ವಿವರಗಳು. ಆಗ ಬರೆದರೆ ಹತ್ತು ನಿಮಿಷ, ಆರು ತಿಂಗಳು ಬಿಟ್ಟು ಬರೆಯುತ್ತೇನೆಂದರೆ ಮತ್ತೆ ಹಟ್ಟಿಗೆ ಹೋಗಬೇಕು. ನಮ್ಮ ಯೋಜನಾ ಸಹಾಯಕ ಎರಡನೆಯ ವರ್ಷದ ನಡುವೆ ಬೇರೆ ಕೆಲಸ ಸಿಕ್ಕಿ ಹೋದ. ತಪ್ಪು ಅವನದಲ್ಲ, ಹತ್ತು ತಿಂಗಳು ಸಂಬಳವೇ ಬಂದಿರಲಿಲ್ಲ. ಅವನು ಬಿಟ್ಟುಹೋದ 200 ಪುಟದ ನೋಟ್‌ಬುಕ್ಕಿನಲ್ಲಿ ‘47, ಅಜ್ಜ, 2ನೇ ರಾತ್ರಿ, ಮಳೆ’ ಎಂದಷ್ಟೇ ಬರೆದಿರುವ ಪುಟಗಳಿವೆ. ಅವನಿಗೆ ಅದು ಸಾಕಾಗಿತ್ತು, ಯಾವ ಅಜ್ಜ ಎಂದು ಅವನಿಗೆ ಗೊತ್ತಿತ್ತು. ಅವನ ಸಂಬಳದ ಬಾಬ್ತಿನಲ್ಲಿ ಉಳಿದು ಹೋದ ಹಣವೇ ಮೊದಲು ಹೇಳಿದ ₹62,000.

ಇನ್ನು ಹಾಡಿಕೆಯನ್ನು ಬರಹಕ್ಕೆ ಇಳಿಸುವುದು. ಆ ಸೀಮೆಯ ಮಾತು, ಹಾಡಿನ ಎಳೆತ, ಗಣೆಯ ಸದ್ದಿನ ನಡುವೆ ಅಡಗುವ ಪದಗಳು, ಇವನ್ನೆಲ್ಲ ಬಿಡಿಸಿ ಬರೆಯಲು ನಮಗೆ ಒಂದು ಗಂಟೆಯ ಹಾಡಿಗೆ ಹತ್ತು ಗಂಟೆ ಹಿಡಿಯುತ್ತಿತ್ತು. 212 ಗಂಟೆಗೆ 2,120 ಗಂಟೆ. ದಿನಕ್ಕೆ ಏಳು ಗಂಟೆ ಕೂತರೂ ಮುನ್ನೂರು ದಿನ ದಾಟುತ್ತದೆ. ಒಬ್ಬರ ಒಂದು ವರ್ಷಕ್ಕೂ ಮಿಕ್ಕಿದ ದುಡಿಮೆ. ಇದಕ್ಕೆ ಬಜೆಟ್ಟಿನಲ್ಲಿ ಇದ್ದದ್ದು ಸೊನ್ನೆ. ಆದರೂ ವಾರ್ಷಿಕ ಪರಿಶೀಲನಾ ಸಭೆಯಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, ‘ದತ್ತಾಂಶವನ್ನು ಇತರ ಸಂಶೋಧಕರಿಗೆ ಯಾವಾಗ ಲಭ್ಯಗೊಳಿಸುತ್ತೀರಿ?’

ಈ ಪ್ರಶ್ನೆಯನ್ನು ಕೇಳುವ ಹಕ್ಕು ಅವರಿಗಿದೆ, ನಾನು ಒಪ್ಪುತ್ತೇನೆ. ಸಾರ್ವಜನಿಕ ಹಣದಿಂದ ಸಂಗ್ರಹವಾದ ದತ್ತಾಂಶ ಸಾರ್ವಜನಿಕರಿಗೆ ಸಿಗಬೇಕು ಎಂದು ನಮ್ಮ ಕೇಂದ್ರ ಸರ್ಕಾರ 2012ರಲ್ಲೇ ರಾಷ್ಟ್ರೀಯ ನೀತಿ ಹೊರಡಿಸಿದೆ. ಹುಡುಕಲು ಸಿಗುವಂತೆ, ತೆರೆಯಲು ಬರುವಂತೆ, ಒಂದರೊಡನೆ ಒಂದು ಹೊಂದುವಂತೆ, ಮತ್ತೆ ಬಳಸಲು ಆಗುವಂತೆ ದತ್ತಾಂಶವನ್ನು ಇಡಬೇಕೆಂಬ ‘ಫೇರ್’ ತತ್ತ್ವಗಳು 2016ರಿಂದ ಎಲ್ಲರ ಬಾಯಲ್ಲೂ ಇವೆ. ಆದರೆ ತತ್ತ್ವವನ್ನು ಒಪ್ಪಿದ ಕೆಲವು ದೇಶಗಳು ಅದರ ಖರ್ಚನ್ನೂ ಒಪ್ಪಿಕೊಂಡಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2023ರ ಜನವರಿ 25ರಿಂದ ತನ್ನ ಅನುದಾನ ಕೇಳುವವರು ದತ್ತಾಂಶ ನಿರ್ವಹಣೆಯ ಯೋಜನೆ ಕೊಡಬೇಕೆಂದು ಕಡ್ಡಾಯ ಮಾಡಿತು, ಜೊತೆಗೇ ಅದರ ವೆಚ್ಚವನ್ನು ಬಜೆಟ್ಟಿನಲ್ಲಿ ಕೇಳಬಹುದು ಎಂದೂ ಹೇಳಿತು. ಯೋಜನೆ ಮುಗಿದ ಮೇಲೂ ದತ್ತಾಂಶ ಉಳಿಯಬೇಕಾದ ವರ್ಷಗಳ ಶುಲ್ಕವನ್ನು ಯೋಜನೆಯ ಅವಧಿಯೊಳಗೇ ಮುಂಗಡವಾಗಿ ಕಟ್ಟಲು ಅಲ್ಲಿ ಅವಕಾಶವಿದೆ. ನೆದರ್‌ಲ್ಯಾಂಡ್ಸಿನ ಲೈಡನ್ನಿನ ವಿಜ್ಞಾನಿ ಬಾರೆಂಡ್ ಮೋನ್ಸ್ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಂಶೋಧನಾ ಹಣದ ಶೇ. 5ರಷ್ಟನ್ನು ಇದಕ್ಕೆ ಎತ್ತಿಡಬೇಕೆಂದು ಬರೆದರು. ನಮ್ಮ ಯೋಜನೆಯ ಮೊತ್ತ ₹24 ಲಕ್ಷ. ಶೇ. 5 ಎಂದರೆ ₹1,20,000. ಅಷ್ಟು ಸಿಕ್ಕಿದ್ದರೂ ನಾನು ಈ ಬರಹ ಬರೆಯುತ್ತಿರಲಿಲ್ಲ.

‘ಉಚಿತವಾಗಿ ಇಡುವ ಜಾಗಗಳಿವೆಯಲ್ಲ’ ಎಂದು ಸಲಹೆ ಕೊಡುವವರು ಬಹಳ ಮಂದಿ. ಇವೆ, ನಾನೂ ಬಳಸುತ್ತೇನೆ. ಯುರೋಪಿನ ಕಣಭೌತಶಾಸ್ತ್ರ ಸಂಸ್ಥೆ ಸರ್ನ್ ನಡೆಸುವ ಝೆನೋಡೊ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಒಂದು ದಾಖಲೆಗೆ ಸಾಮಾನ್ಯ ಮಿತಿ 50 ಜಿಬಿ. ನಮ್ಮ ಒಂದು ರಾತ್ರಿಯನ್ನು ನಾಲ್ಕು ತುಂಡು ಮಾಡಬೇಕು. ವಿಶ್ವವಿದ್ಯಾಲಯಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತೇವೆಂದಿದ್ದ ಗೂಗಲ್ 2021ರಲ್ಲಿ ಮಾತು ಬದಲಿಸಿ, ಇಡೀ ಸಂಸ್ಥೆಗೆ ಸೇರಿ 100 ಟಿಬಿ ಎಂದು ಕಟ್ಟು ಹಾಕಿತು. ಉಚಿತವೆಂದು ನಂಬಿ ಬಜೆಟ್ಟಿನಲ್ಲಿ ಒಂದು ಪೈಸೆ ಇಡದಿದ್ದವರು ಆಮೇಲೆ ಫೈಲು ಅಳಿಸಲು ಕುಳಿತರು. ಜೀವವಿಜ್ಞಾನದವರಿಗೆ ಫರೀದಾಬಾದಿನಲ್ಲಿ 2022ರ ನವೆಂಬರಿನಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರ ಆರಂಭವಾಗಿದೆ, ಸಂತೋಷ. ಸಂಗೀತ, ಮೌಖಿಕ ಪರಂಪರೆಗಳಿಗೂ ಗುರುಗ್ರಾಮದ ದಾಖಲಾಗಾರದಂತಹ ಹಳೆಯ, ಶ್ರದ್ಧೆಯ ತಾಣಗಳಿವೆ. ಆದರೆ ಎಲ್ಲಿಗೆ ಕೊಡುವುದಾದರೂ ವಿವರಪಟ್ಟಿ, ಒಪ್ಪಿಗೆ ಪತ್ರ, ಸರಿಯಾದ ಹೆಸರುಗಳನ್ನು ಸಿದ್ಧ ಮಾಡಿಯೇ ಕೊಡಬೇಕು. ಜಾಗ ಉಚಿತವಾದರೂ ದುಡಿಮೆ ಉಚಿತವಲ್ಲ.

ಇಷ್ಟೆಲ್ಲ ಆಗುವಾಗ ಕಳೆದ ಫೆಬ್ರವರಿಯಲ್ಲಿ ಡಿಸ್ಕ್ ಕೆಟ್ಟಿತು. ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿನಿಂದ ಟಕ್, ಟಕ್ ಎಂದು ಒಂದೇ ತಾಳದಲ್ಲಿ ಸದ್ದು. ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಂದು ಡಿಸ್ಕಿನಲ್ಲಿ ನೋಡಿದರೆ 31 ಗಂಟೆಗಳ ಮುದ್ರಣಕ್ಕೆ ಪ್ರತಿಯೇ ಇರಲಿಲ್ಲ. ಅದರಲ್ಲಿ ಹಿರಿಯೂರಿನ ಕಡೆಯ ಒಬ್ಬ ಅಜ್ಜ ಮೂರು ರಾತ್ರಿ ಹಾಡಿದ್ದರ ಕೊನೆಯ ಎರಡು ರಾತ್ರಿಗಳಿವೆ. ಆ ಅಜ್ಜ ಕಳೆದ ವರ್ಷ ತೀರಿಕೊಂಡರು. ಹಣಕಾಸು ವಿಭಾಗಕ್ಕೆ ಓಡಿದೆ. ಸಹಾಯಕನ ಬಾಬ್ತಿನಲ್ಲಿ ಉಳಿದ ಹಣದಲ್ಲಿ ₹48,000ವನ್ನು ಈ ಕೆಲಸಕ್ಕೆ ವರ್ಗಾಯಿಸಿಕೊಡಿ ಎಂದು ಬೇಡಿಕೊಂಡು ಪತ್ರ ಬರೆದೆ. ಪತ್ರ ಅನುದಾನ ಸಂಸ್ಥೆಗೆ ಹೋಯಿತು. ಮಾರ್ಚ್ 27ಕ್ಕೆ ಉತ್ತರ ಬಂತು: ಯೋಜನೆಯ ಕೊನೆಯ ತಿಂಗಳಲ್ಲಿ ಬಾಬ್ತು ಬದಲಾವಣೆಗೆ ಅವಕಾಶವಿಲ್ಲ, ಮಂಜೂರಾತಿಯಲ್ಲಿ ಈ ವೆಚ್ಚದ ಉಲ್ಲೇಖವೂ ಇಲ್ಲ. ಉಲ್ಲೇಖ ನನ್ನ ಅರ್ಜಿಯಲ್ಲಿತ್ತು. ಅದನ್ನು ಹೊಡೆದುಹಾಕಿದವರೇ ಈಗ ಉಲ್ಲೇಖವಿಲ್ಲ ಎಂದು ಬರೆದಿದ್ದರು.

ಇದು ನನ್ನೊಬ್ಬನ ಎಚ್ಚರಗೇಡಿತನ ಎಂದು ಹೇಳುವವರಿದ್ದರೆ, ಅವರು ಸ್ವಲ್ಪ ಹೊರಗೆ ನೋಡಲಿ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ ಪ್ರತಿ ತೆಗೆಯುವ ವ್ಯವಸ್ಥೆಯ ದೋಷದಿಂದಲೇ 77 ಟಿಬಿ ಅಳಿಸಿಹೋಯಿತು; ಅಂಥ ಸಿರಿವಂತ ಸಂಸ್ಥೆಯಲ್ಲೇ ಹಾಗಾಗುವಾಗ ಒಂದು ಡಿಸ್ಕನ್ನು ನಂಬಿ ಕುಳಿತವರ ಪಾಡೇನು? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 516 ಪ್ರಬಂಧಗಳ ಮೂಲ ದತ್ತಾಂಶವನ್ನು ಲೇಖಕರಲ್ಲಿ ಕೇಳಿ ನೋಡಿತು. ಪ್ರಬಂಧಕ್ಕೆ ವಯಸ್ಸಾದಂತೆ ದತ್ತಾಂಶ ಉಳಿದಿರುವ ಸಂಭವ ವರ್ಷಕ್ಕೆ ಶೇ. 17ರಂತೆ ಕುಗ್ಗುತ್ತಾ ಹೋಗಿತ್ತು. ಇದು ಯಾರೋ ಒಬ್ಬಿಬ್ಬರ ಸೋಮಾರಿತನದಿಂದ ಬರುವ ಅಂಕಿಯಲ್ಲ. ಯೋಜನೆ ಮುಗಿದ ಮರುದಿನದಿಂದ ದತ್ತಾಂಶಕ್ಕೆ ವಾರಸುದಾರರೂ ಇಲ್ಲ, ಹಣವೂ ಇಲ್ಲ ಎಂಬ ಏರ್ಪಾಟಿನಿಂದಲೇ ಬರುವ ಅಂಕಿ.

ಅಜ್ಜನ ಮಗ ಏಪ್ರಿಲಿನಲ್ಲಿ ಫೋನು ಮಾಡಿದ್ದರು. ವರ್ಷದ ಕಾರ್ಯಕ್ಕೆ ಹಟ್ಟಿಯವರೆಲ್ಲ ಸೇರುತ್ತಾರೆ, ಅಪ್ಪ ಹಾಡಿದ್ದನ್ನು ಕೇಳಿಸಬೇಕು ಎಂದರು. ಇದ್ದ ಒಂದು ರಾತ್ರಿಯನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸಿದೆ. ಕೇಳಿದ ಮೇಲೆ ಅವರು ಮತ್ತೆ ಫೋನು ಮಾಡಿ, ‘ಮೇಷ್ಟ್ರೇ, ಜುಂಜಪ್ಪನ ಕತೆಯ ಕೊನೆ ಬರ್ಲೇ ಇಲ್ವಲ್ಲ, ಅದು ಮೂರನೇ ರಾತ್ರಿ ಹೇಳಿದ್ದು’ ಎಂದರು. ಹೌದು, ಮೂರನೆಯ ರಾತ್ರಿ. ನಾನು ಏನು ಹೇಳಬೇಕಿತ್ತು? ಮಂಜೂರಾತಿಯಲ್ಲಿ ಉಲ್ಲೇಖವಿಲ್ಲ ಎಂದೇ?

ಡಿಸ್ಕಿನಿಂದ ಏನಾದರೂ ಸಿಕ್ಕೀತೇ ಎಂಬ ಖಾತ್ರಿಯನ್ನು ಅಂಗಡಿಯವರು ಕೊಟ್ಟಿಲ್ಲ. ಆದರೂ ಈ ತಿಂಗಳ ಸಂಬಳ ಬಂದ ಕೂಡಲೇ ಅರ್ಧ ಹಣ ಕಟ್ಟಿ ಕೊಟ್ಟುಬರುತ್ತೇನೆ, ಉಳಿದದ್ದಕ್ಕೆ ಎರಡು ಕಂತು ಕೇಳಿದ್ದೇನೆ. ಹೊಸ ಯೋಜನೆಯ ಅರ್ಜಿಯೊಂದನ್ನೂ ಈ ವಾರ ತುಂಬುತ್ತಿದ್ದೇನೆ. ಅದರ ಬಜೆಟ್ ಪುಟದಲ್ಲಿ ಸಿಬ್ಬಂದಿ, ಉಪಕರಣ, ಪ್ರವಾಸ, ಬಳಕೆಯ ಸಾಮಗ್ರಿ, ಸಾದಿಲ್ವಾರು, ಸಂಸ್ಥೆಯ ಪಾಲು ಎಂಬ ಆರು ಸಾಲುಗಳಿವೆ. ಏಳನೆಯ ಸಾಲನ್ನು ನಾನೇ ಕೈಯಿಂದ ಎಳೆದು, ‘ದತ್ತಾಂಶ ನಿರ್ವಹಣೆ, ₹2,40,000’ ಎಂದು ಬರೆದು, ಕೆಳಗೆ ಹೀಗೆ ಸೇರಿಸಿದ್ದೇನೆ: ಈ ಸಾಲನ್ನು ತೆಗೆಯುವುದಾದರೆ, ತೆಗೆದವರ ಹೆಸರು ಮತ್ತು ಕಾರಣವನ್ನು ಮಂಜೂರಾತಿ ಪತ್ರದಲ್ಲಿ ದಾಖಲಿಸಬೇಕಾಗಿ ಕೋರಿಕೆ.