ಮಂಚಕ್ಕೆ ಐದು ಸಾವಿರ, ಫ್ಯಾನಿಗೆ ಐದು ಸಾವಿರ

ನನ್ನ ಬಾಮೈದ ಹನ್ನೊಂದನೇ ಮಹಡಿಯಲ್ಲಿ ಮೂರು ಬೆಡ್‌ರೂಮಿನ ಫ್ಲಾಟ್ ತಗೊಂಡಿದ್ದಾನೆ. 20 ವರ್ಷದ ಸಾಲ. ಆ ಸಾಲ ತೀರಿಸೋದಕ್ಕೆ ವಾರವಿಡೀ ದುಡಿದು, ಶನಿವಾರ ಬಂತು ಅಂದರೆ ಆ ಮನೆಗೆ ಬೀಗ ಹಾಕಿ ಎಲ್ಲೋ ರಸ್ತೆ ಪಕ್ಕ ತಗಡಿನ ಡಬ್ಬಿಯೊಳಗೆ ಮಲಗಬೇಕು ಅನ್ನೋದು ಅವನ ಸದ್ಯದ ಜೀವನದ ಗುರಿ.

ಎಲ್ಲಾ ಮೊಬೈಲಿನ ಮಹಿಮೆ. ಅಮೆರಿಕದಲ್ಲಿ ಸಾಮಾನು ಸಾಗಿಸುವ ಪುಟ್ಟ ಟ್ರೇಲರ್ ಸಿಗುತ್ತದಂತೆ, ಆರಡಿ ಅಗಲ ಹತ್ತಡಿ ಉದ್ದದ ಮುಚ್ಚಿದ ಪೆಟ್ಟಿಗೆ. ಅದನ್ನು ಕೊಂಡು, ಬಿಸಿಲು ತಡೆಯೋಕೆ ಒಳಗೋಡೆಗೆ ಫೋಮ್ ಶೀಟು ಬಡಿದು, ಮಂಚ, ಒಲೆ, ಸಿಂಕು ಕೂರಿಸಿ, ಕಾರಿನ ಹಿಂದೆ ಸಿಕ್ಕಿಸಿಕೊಂಡು ಕಾಡಿಗೆ ಹೋಗುತ್ತಾರೆ. ವಿಡಿಯೋದಲ್ಲಿ ಗಂಡ ಡ್ರಿಲ್ ಹಿಡಿದಿರುತ್ತಾನೆ, ಹೆಂಡತಿ ಪೇಂಟ್ ಹೊಡೀತಿರುತ್ತಾಳೆ, ನಾಯಿ ಮೇಲ್ವಿಚಾರಣೆ ಮಾಡುತ್ತಿರುತ್ತದೆ. ಹನ್ನೆರಡು ನಿಮಿಷಕ್ಕೆ ಮನೆ ರೆಡಿ.

"ಭಾವ, ನಾವೂ ಒಂದು ಟ್ರೇಲರ್ ಮಾಡಿಸೋಣ" ಅಂದ. ಆ "ನಾವೂ" ಕೇಳಿದಾಗಲೇ ನಾನು ಎದ್ದು ಹೋಗಬೇಕಿತ್ತು.

ಟ್ರೇಲರ್ ಆಸೆ ಒಂದೇ ವಾರಕ್ಕೆ ಇಳಿಯಿತು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅಂದರೆ ಯಾವುದು ಅಂತ ವಿವರಿಸುವಾಗ ಟ್ರೇಲರನ್ನೂ ಅದರೊಳಗೆ ಸೇರಿಸಿದ್ದಾರೆ. ಇಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ಯಾರಾದರೂ ಎಳೆಯದಿದ್ದರೆ ಒಂದಡಿ ಮುಂದೆ ಹೋಗೋದಿಲ್ಲ, ಆದರೂ ಅದು ಮೋಟಾರು ವಾಹನವೇ. (ಇಂಥವರು ನಮ್ಮ ಆಫೀಸಿನಲ್ಲೂ ಇದ್ದಾರೆ, ಅವರನ್ನು ಮ್ಯಾನೇಜರ್ ಅನ್ನುತ್ತೇವೆ.) ಜೊತೆಗೆ ನಮ್ಮ ಹುಡುಗನಿಗೆ ಬೇಸ್‌ಮೆಂಟಿನಲ್ಲಿ ಬರೀ ಕಾರನ್ನು ರಿವರ್ಸ್ ತೆಗೆಯೋಕೇ ವಾಚ್‌ಮನ್ ಬೇಕು. ಅದರ ಹಿಂದೆ ಇನ್ನೊಂದು ಡಬ್ಬಿ ಕಟ್ಟಿದರೆ ಅಷ್ಟೇ.

ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ತಂದ. 2005ರಲ್ಲಿ ಬಂದಾಗಿನಿಂದ ಊರೂರಿನ ಮೂಟೆ ಹೊರುತ್ತಿರುವ ಅದೇ ಛೋಟಾ ಹಾಥಿ. ಹಿಂದಿನ ಮಾಲೀಕ ಡಬ್ಬಿ ಕಟ್ಟಿಸಿ ಅದರಲ್ಲಿ ಟೊಮೆಟೊ ಹೊಡೀತಿದ್ದ. ಹಿಂದಿನ ಜಾಗ ಏಳಡಿ ಚಿಲ್ಲರೆ ಉದ್ದ, ಐದಡಿಗೆ ಒಂಚೂರು ಕಮ್ಮಿ ಅಗಲ. ಬಾಮೈದ ಐದಡಿ ಹನ್ನೊಂದು ಇಂಚು. ಕಾಲು ಚಾಚಬಹುದು, ಮಗ್ಗುಲಾಗುವಾಗ ಮಾತ್ರ ಯೋಚನೆ ಮಾಡಬೇಕು. ಮೂರು ಸಲ ಫಿನಾಯಿಲ್ ಹಾಕಿ ತೊಳೆದರೂ ಬಿಸಿಲೇರಿದರೆ ಒಳಗೆ ಗೊಜ್ಜಿನ ವಾಸನೆ.

ವೆಲ್ಡಿಂಗ್ ಶೆಡ್ಡಿನ ಮೇಸ್ತ್ರಿ ಸವದತ್ತಿ ಕಡೆಯವರು. ಗಾಡಿ ಸುತ್ತ ಒಂದು ಸುತ್ತು ಹಾಕಿ, "ಕ್ಯಾಂಟೀನ್ ಏನ್ರಿ?" ಅಂದರು.

"ಅಲ್ಲ, ಮಲಗೋಕೆ."

"ಮನಿ ಇಲ್ಲೇನ್ರಿ ಸರ?"

ಕೇಳಿದ ಧಾಟಿಯಲ್ಲಿ ಸ್ವಲ್ಪವೂ ಕುಹಕ ಇರಲಿಲ್ಲ. ನಿಜವಾಗಿ ಕನಿಕರ ಇತ್ತು. ಬಾಮೈದ ಬಾಯಿ ಬಿಡುವಷ್ಟರಲ್ಲಿ ಮಜೂರಿಯಲ್ಲಿ ಇನ್ನೂರು ರೂಪಾಯಿ ಕಮ್ಮಿ ಮಾಡಿಬಿಟ್ಟರು. ನಾನು ಸುಮ್ನೆ ಇದ್ದೆ. ಹನ್ನೊಂದನೇ ಮಹಡಿ ವಿಷಯ ಎತ್ತಿ ಇನ್ನೂರು ಕಳೆದುಕೊಳ್ಳೋದು ಯಾಕೆ?

ಕೆಲಸ ಮೂರು ವಾರ ಎಳೆಯಿತು. 12 ಎಂಎಂ ಪ್ಲೈವುಡ್, ಒಂದೊಂದು ಶೀಟು ಸುಮಾರು 20 ಕೆಜಿ. ಜೆ.ಸಿ. ರಸ್ತೆಯಿಂದ ಕುಶನ್ನು, ರೆಕ್ಸಿನ್ನು. ಬ್ಯಾಟರಿ, ಅದಕ್ಕೊಂದು ಸೋಲಾರ್ ಪ್ಯಾನೆಲ್, 12 ವೋಲ್ಟಿನ ಫ್ಯಾನು. ಸ್ಟೀಲ್ ಡಬರಿಗೆ ತೂತು ಕೊರೆದು ಸಿಂಕು. ಪಕ್ಕದ ತಗಡು ಕತ್ತರಿಸಿ ಕಿಟಕಿ. ಕಡೆಗೆ, ಯಾವ ವಿಡಿಯೋ ನೋಡಿದರೂ ಇರುತ್ತದಲ್ಲ, ಮಿಣಮಿಣ ಅನ್ನುವ ಸೀರಿಯಲ್ ಲೈಟು.

ಮೇಸ್ತ್ರಿ ಮಂಚದ ಬೋಲ್ಟ್ ಬಿಗಿಯುತ್ತಾ ಹೇಳಿದರು. "ನಮ್ಮ ಕಡಿ ಬನದ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ, ಟ್ರ್ಯಾಕ್ಟರ್ ತಗೊಂಡು ಬರ್ತಾರ್ರಿ. ಟ್ರೇಲರ್ ಮ್ಯಾಲೆ ತಾಡಪಾಲ, ಒಳಗ ಹುಲ್ಲು, ಹುಲ್ಲಿನ ಮ್ಯಾಲೆ ಕೌದಿ. ಅಲ್ಲೇ ಮೂರು ಕಲ್ಲಿಟ್ಟು ಅಡಗಿ. ಇದಕ್ಕ ಎಷ್ಟ್ ಖರ್ಚು ಬಂತ್ರಿ?"

ಒಂದು ಲಕ್ಷ ನಲವತ್ತು ಸಾವಿರ ಅಂದ ಬಾಮೈದ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಅವನ ಮುಖವನ್ನೇ ನೋಡಿದರು. ಆ ಇನ್ನೂರನ್ನು ವಾಪಸ್ ಕೇಳುತ್ತಾರೇನೋ ಅಂದುಕೊಂಡೆ. ಕೇಳಲಿಲ್ಲ, ದೊಡ್ಡ ಮನಸ್ಸು.

ಗಾಡಿ ಅಪಾರ್ಟ್‌ಮೆಂಟಿಗೆ ಬಂದರೆ ಗೇಟಿನಲ್ಲೇ ತಡೆದರು. ಹಳದಿ ಬೋರ್ಡ್ ಒಳಗೆ ನಿಲ್ಲಿಸುವಂತಿಲ್ಲ, ಡೆಲಿವರಿ ಗಾಡಿಗೆ ಹಿಂದಿನ ಗೇಟು, ಇಪ್ಪತ್ತು ನಿಮಿಷ ಮಾತ್ರ. ಅಲ್ಲಪ್ಪಾ, ನಾನು ಸಿ ಬ್ಲಾಕ್ ಓನರ್ರು ಅಂದ ಬಾಮೈದ. "ಗೊತ್ತು ಸಾರ್, ನೀವು ಒಳಗೆ ಬನ್ನಿ. ಗಾಡಿ ಬೇಡ."

ಹಾಗಾದರೆ ಬೋರ್ಡನ್ನೇ ಬಿಳಿ ಮಾಡಿಸೋಣ ಅಂತ ಆರ್‌ಟಿಒ ಕಚೇರಿ ಕಡೆ ಹೋದೆವು. ಒಳಗೆ ಹೋಗುವ ಮೊದಲು ಹೊರಗೆ ಕೇಳೋದು ವಾಡಿಕೆ. ಟೀ ಅಂಗಡಿ ಪಕ್ಕ ಕೂತಿದ್ದ ಏಜೆಂಟರು ಹಿಂಬಾಗಿಲು ತೆಗೆದು ಇಣುಕಿ ನೋಡಿ, ಹಾಗೇ ಮೆತ್ತಗೆ ಮುಚ್ಚಿದರು. "ಸಾರ್, ಇದನ್ನ ಇಲ್ಲಿಗೆ ಯಾಕೆ ತಂದ್ರಿ?"

ಆಮೇಲೆ ಪಾಠ ಶುರುವಾಯಿತು. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಗಾಡಿಯನ್ನು ಹೇಗೆ ಕೊಟ್ಟಿದೆಯೋ ಹಾಗೇ ಇರಬೇಕು, ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಡಾಖಂಡಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಒಪ್ಪಿಗೆಯಿಲ್ಲದೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಒಂದೊಂದಕ್ಕೂ! ಬಾಮೈದ ಅಲ್ಲೇ ಬೆರಳು ಮಡಚಿದ. ಮಂಚ ಐದು. ಫ್ಯಾನು ಐದು. ಕಿಟಕಿ ಐದು. ಸಿಂಕು ಐದು, ಸೋಲಾರ್ ಐದು, ಸೀರಿಯಲ್ ಲೈಟು ಐದು. ಮೂವತ್ತು ಸಾವಿರ. "ಪರದೆ ಲೆಕ್ಕಕ್ಕೆ ಬರುತ್ತಾ ಸಾರ್?" ಅಂತ ಬೇರೆ ಕೇಳಿದ. ನನಗೆ ಅನಿಸಿದ್ದು, ಜೈಲಿನ ಕಡೆಯೂ ಯೋಚನೆ ಮಾಡಬಹುದು. ಜಾಗ ಈ ಡಬ್ಬಿಗಿಂತ ಜಾಸ್ತಿ, ಊಟ ಸಿಗುತ್ತದೆ, ಪಾರ್ಕಿಂಗ್ ಸಮಸ್ಯೆ ಇಲ್ಲ.

ಅಷ್ಟರಲ್ಲಿ ನಮ್ಮ ಮುಂದೆಯೇ ಒಂದು ಗೂಡ್ಸ್ ಟೆಂಪೋ ಹಾದು ಹೋಯಿತು. ಮದುವೆ ದಿಬ್ಬಣ. ಹಿಂದೆ ಮೂವತ್ತು ಜನ ನಿಂತಿದ್ದರು, ಅವರ ಮಧ್ಯೆ ವಾಲಗದವರು, ಒಬ್ಬಾಕೆ ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿದ್ದಳು. ಸಾಮಾನಿನ ಗಾಡಿಯಲ್ಲಿ ಜನ ತುಂಬುವಂತಿಲ್ಲ ಅಂತಲೂ ಕಾನೂನಿದೆ ಅಲ್ವಾ? ಕಚೇರಿಯ ಗೇಟಿನಲ್ಲಿ ನಿಂತಿದ್ದವರು ಯಾರೂ ತಲೆ ಎತ್ತಲಿಲ್ಲ. ಏಜೆಂಟರು ಕೈ ಬೀಸಿದರು, ಟೆಂಪೋದವರೂ ಬೀಸಿದರು.

"ಮತ್ತೆ ಅದು?" ಅಂದೆ.

"ಅದು ಆಲ್ಟರೇಷನ್ ಅಲ್ಲ ಸಾರ್. ಗಾಡಿ ಹೆಂಗಿತ್ತೋ ಹಂಗೇ ಇದೆ. ಜನ ಮಾತ್ರ ಜಾಸ್ತಿ."

ನಿಂತು ಹೋಗುವ ಮೂವತ್ತು ಜನ ಕಾನೂನಿಗೆ ಕಾಣೋದಿಲ್ಲ. ನಿಂತ ಗಾಡಿಯಲ್ಲಿ ಮಲಗುವ ಒಬ್ಬ ಕಾಣುತ್ತಾನೆ.

ಹಾಗಂತ ಸರ್ಕಾರಕ್ಕೆ ಕ್ಯಾಂಪರ್, ಅಂದರೆ ಇಂಥ ಮಲಗುವ ಗಾಡಿ, ಬೇಡ ಅಂತಲ್ಲ. ಬೇಕೇ ಬೇಕು. ಕೇರಳದವರು 2021ರಲ್ಲೇ ಕ್ಯಾರವಾನ್ ಟೂರಿಸಂ ಅಂತ ಶುರು ಮಾಡಿದರು, ನಮ್ಮವರ ಪ್ರವಾಸೋದ್ಯಮ ನೀತಿಯಲ್ಲೂ ಆ ಪದ ಬಂದು ಕೂತಿದೆ. ಮೋಟಾರ್ ಕ್ಯಾರವಾನ್ ಅಂತಲೇ ಬೇರೆ ಮಾನದಂಡ ಇದೆ, ಎಐಎಸ್-124. ಅದು ಗಾಡಿ ಕಟ್ಟುವ ಕಂಪನಿಗಳಿಗೆ. ಅವರು ಮಾದರಿಗೆ ಒಪ್ಪಿಗೆ ಪಡೆದು ಮಂಚ ಹಾಕಿದರೆ ಪ್ರವಾಸೋದ್ಯಮ. ನೀವು ಶೆಡ್ಡಿನಲ್ಲಿ ಹಾಕಿಸಿದರೆ ಅಪರಾಧ. ಇನ್ನು ಚುನಾವಣೆ ಬಂದಾಗ ರಸ್ತೆಗಿಳಿಯುವ ಪ್ರಚಾರ ರಥಗಳ ಮಾತು ಬೇಡ, ಸೋಫಾ, ಮೈಕು, ನಾಯಕರನ್ನು ಮೇಲೆತ್ತುವ ಲಿಫ್ಟು. ಈ ವಿದ್ಯೆಯಲ್ಲಿ ಪಕ್ಕದ ಆಂಧ್ರದ ಎನ್.ಟಿ. ರಾಮರಾವ್ ಅವರೇ ಹಿರಿಯರು. ಹಳೇ ಷೆವರ್ಲೆ ವ್ಯಾನೊಂದನ್ನು ಚೈತನ್ಯ ರಥ ಮಾಡಿಸಿಕೊಂಡು, ಅದರಲ್ಲೇ ಊರೂರು ತಿರುಗಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಬಾಮೈದನ ವ್ಯಾನಿಗೆ ಇನ್ನೂ ಗೇಟ್ ಒಳಗೆ ಹೋಗೋಕಾಗಿಲ್ಲ.

ಏಜೆಂಟರು ಕಡೆಗೆ ದಾರಿ ಹೇಳಿದರು. ಟೀ ನಾವೇ ಕೊಡಿಸಿದ್ದೆವು.

"ಬೋಲ್ಟ್ ಬಿಚ್ಚಿಬಿಡಿ ಸಾರ್. ಬೋಲ್ಟ್ ಇದ್ರೆ ಆಲ್ಟರೇಷನ್. ಬಿಚ್ಚಿದ್ರೆ ಲೋಡು. ಗೂಡ್ಸ್ ಗಾಡೀಲಿ ಮಂಚ ಸಾಗಿಸಬಾರದು ಅಂತ ಎಲ್ಲಿದೆ? ಒಂದು ಡೆಲಿವರಿ ಚಲನ್ ಬರ್ಕೊಳ್ಳಿ."

ಹೀಗಾಗಿ ಈಗ ನಮ್ಮ ಕ್ಯಾಂಪರಿನಲ್ಲಿ ಯಾವುದೂ ಕ್ಯಾಂಪರ್ ಅಲ್ಲ. ಮಂಚ ಲೋಡು, ಫ್ಯಾನು ಲೋಡು, ಸಿಂಕು ಲೋಡು. ಎಲ್ಲವನ್ನೂ ಹಗ್ಗ ಹಾಕಿ ಬಿಗಿದಿದ್ದೇವೆ. ಕಿಟಕಿಯ ಜಾಗಕ್ಕೆ ಮೇಸ್ತ್ರಿಯೇ ಹಳೇ ತಗಡು ವೆಲ್ಡ್ ಮಾಡಿಕೊಟ್ಟರು, ಅದಕ್ಕೆ ಕನಿಕರದ ರೇಟು ಇರಲಿಲ್ಲ.

ಮೊದಲ ಟ್ರಿಪ್ಪಿಗೆ ನಾನೂ ಹೋದೆ. ಶನಿವಾರ ಬೆಳಗ್ಗೆ ನೆಲಮಂಗಲ ದಾಟುವಷ್ಟರಲ್ಲೇ ಎರಡು ಗಂಟೆ. ರಾತ್ರಿ ಘಟ್ಟದ ಕಡೆ ಒಂದು ಊರಿನ ಹೊರಗೆ, ಮುಚ್ಚಿದ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆವು. ಬಾಮೈದ ಹಿಂದೆ ಲೋಡಿನ ಮೇಲೆ ಮಲಗಿದ. ನಾನು ಮುಂದೆ ಡ್ರೈವರ್ ಸೀಟಿನಲ್ಲಿ ಕೂತೇ ನಿದ್ದೆ. ಜಿಟಿಜಿಟಿ ಮಳೆ, ಸೊಳ್ಳೆ.

ಒಂದೂವರೆಗೆ ತಗಡಿಗೆ ಲಾಠಿ ಬಡಿಯಿತು. ಬೀಟ್ ಪೊಲೀಸಿನವರು, ಮಳೆಕೋಟು ಹಾಕಿಕೊಂಡಿದ್ದರು. ಹಿಂಬಾಗಿಲು ತೆಗೆಸಿ ಟಾರ್ಚ್ ಬಿಟ್ಟರು.

"ಏನಪ್ಪಾ ಲೋಡು?"

"ಮಂಚ ಸಾರ್."

"ಲೈಟ್ ಯಾಕೆ ಉರೀತಿದೆ?"

"ಡೆಲಿವರಿ ಮುಂಚೆ ಚೆಕ್ ಮಾಡ್ತಿದ್ದೆ ಸಾರ್."

ಚಲನ್ ಓದಿದರು. ಕಳಿಸುವವನ ಹೆಸರು, ತಗೊಳ್ಳುವವನ ಹೆಸರು, ಎರಡೂ ಕಡೆ ಬಾಮೈದನೇ. ಚಲನ್ನಿನ ಮೇಲೆ ಮಳೆ ಹನಿ ಬಿದ್ದು ಇಂಕು ಹರಡುತ್ತಿತ್ತು. ಅವರು ಒಂದು ಕಾಲು ಒಳಗಿಟ್ಟು ಕುಶನ್ನನ್ನು ಅಂಗೈಯಲ್ಲಿ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಚೆನ್ನಾಗಿದೆ ಕಣಪ್ಪಾ. ನಮ್ಮನೇಲೂ ಇಂಥದ್ದೇ ಒಂದು ಬೇಕು ಅಂತಿದ್ರು. ಎಷ್ಟು?"

ರೇಟು ಹೇಳದೆ ವಿಧಿಯಿರಲಿಲ್ಲ. ಹೇಳದಿದ್ದರೆ ಅದು ಲೋಡು ಅಲ್ಲ ಅಂತಾಗುತ್ತಿತ್ತು. ಬಾಮೈದ ನನ್ನ ಮುಖ ನೋಡಿ ಆರು ಸಾವಿರ ಅಂದ. ಐದಕ್ಕೆ ಮುಗಿಯಿತು. ಮಂಚವನ್ನು ಅವರ ಮನೆವರೆಗೂ ನಾವೇ ಹೊಡೆದುಕೊಂಡು ಹೋಗಿ ಇಳಿಸಿಕೊಟ್ಟೆವು, ಬಾಡಿಗೆ ಕೇಳಲಿಲ್ಲ.