ಗುರುವಾರ ಬಂತು, ಎಲ್ಲರೂ ನಂಬರ್ ಒನ್

ಗುರುವಾರ ರಾಯರ ವಾರ, ನಮ್ಮಮ್ಮನಿಗೆ ಒಪ್ಪತ್ತು. ನ್ಯೂಸ್ ಚಾನೆಲ್‌ಗಳಿಗೂ ಆ ವಾರ ಅಂದರೆ ಬಲು ಭಕ್ತಿ, ಯಾಕಂದ್ರೆ ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯವರ ಟಿಆರ್‌ಪಿ, ಅಂದರೆ ಯಾವ ಚಾನೆಲ್ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ, ಬರೋದು ಅವತ್ತೇ. ಬಂದ ಅರ್ಧ ಗಂಟೆಯಲ್ಲಿ ಎಲ್ಲರೂ ನಂಬರ್ ಒನ್! ಒಬ್ಬರು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ನಂಬರ್ ಒನ್. ಇನ್ನೊಬ್ಬರು 22 ವರ್ಷ ದಾಟಿದ ಪಟ್ಟಣದ ಗಂಡಸರಲ್ಲಿ ನಂಬರ್ ಒನ್. ಮೂರನೆಯವರು ಬಹುಶಃ ಕರೆಂಟ್ ಹೋದಾಗ. ಎರಡನೇ ಸ್ಥಾನ ಮಾತ್ರ ವರ್ಷಗಳಿಂದ ಖಾಲಿ ಬಿದ್ದಿದೆ, ಪಾಪ.

'ಏನ್ರೀ ಇದು' ಅಂತ ಕೇಳೋಕೆ ಅಂತಲೇ ಮೀಡಿಯಾ ಬಗ್ಗೆ ಬರೆಯುವ ಮೀಡಿಯಾ ಒಂದಿದೆ. ಅವರೇನು ಮಾಡ್ತಾರೆ? ಚಾನೆಲ್‌ನವರು ಕಳಿಸಿದ ಪ್ರೆಸ್ ನೋಟನ್ನು ಕಾಗುಣಿತದ ತಪ್ಪಿನ ಸಮೇತ ಹಾಕ್ತಾರೆ. ಪಕ್ಕದಲ್ಲೇ ಅದೇ ಚಾನೆಲ್‌ನ ಜಾಹೀರಾತು, ಅದೇ ಮಾತು, ಫಾಂಟ್ ಮಾತ್ರ ಸ್ವಲ್ಪ ದಪ್ಪ.

2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು, ಕೆಲವು ಚಾನೆಲ್‌ನವರು ಟಿಆರ್‌ಪಿ ಅಳೆಯೋ ಮೀಟರ್ ಇಟ್ಟ ಮನೆಯವರಿಗೆ ದುಡ್ಡು ಕೊಟ್ಟು ಇಂಥದ್ದೇ ಚಾನೆಲ್ ಹಾಕಿಡಿ ಅಂತ ಹೇಳಿದ್ದಾರೆ ಎಂದು ಕೇಸು ಹಾಕಿದರು. ಬಾರ್ಕ್ ನ್ಯೂಸ್ ಚಾನೆಲ್‌ಗಳ ವಾರದ ಲೆಕ್ಕವನ್ನೇ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಟಿಆರ್‌ಪಿಗೋಸ್ಕರ ಕೂಗಾಡ್ತೀವಿ, ಏನ್ಮಾಡೋದು ಅಂತಿದ್ದರಲ್ಲ, ಒಂದೂವರೆ ವರ್ಷ ಹತ್ತಿರ ಟಿಆರ್‌ಪಿಯೇ ಇರಲಿಲ್ಲ. ಕೂಗು ಏನಾದ್ರೂ ಕಮ್ಮಿ ಆಯ್ತಾ? ಅಂದರೆ ಅದು ಹೊಟ್ಟೆಪಾಡು ಅಲ್ಲ ಕಣ್ರೀ, ಚಟ.

ಪೇಪರ್‌ನವರು ಸಾಚಾ ಅಂತ ಅಲ್ಲ. 2010ರಲ್ಲಿ, ಪತ್ರಿಕೆಗಳ ನಡತೆ ಮೇಲೆ ಕಣ್ಣಿಡುವ ಪ್ರೆಸ್ ಕೌನ್ಸಿಲ್‌ನ ಉಪಸಮಿತಿಯೊಂದು ಪೇಯ್ಡ್ ನ್ಯೂಸ್ ಬಗ್ಗೆ 71 ಪುಟದ ವರದಿ ಬರೆಯಿತು, ಚುನಾವಣೆ ಹೊತ್ತಲ್ಲಿ ದುಡ್ಡು ತಗೊಂಡು ಸುದ್ದಿ ಹಾಕಿದರು ಅನ್ನೋ ಆರೋಪ ಯಾರ ಮೇಲಿತ್ತೋ ಆ ಪತ್ರಿಕೆಗಳ ಹೆಸರು ಸಮೇತ. ಕೌನ್ಸಿಲ್ ಅದನ್ನು ಹಿಂಡಿ ಹಿಪ್ಪೆ ಮಾಡಿ, ಹೆಸರೆಲ್ಲ ಸೋಸಿ, ಕೆಲವೇ ಪುಟ ಹೊರಗೆ ಬಿಟ್ಟಿತು. ಪೂರ್ತಿ ವರದಿ ಹೊರಗೆ ಬಂದಿದ್ದು 2011ರಲ್ಲಿ, ಅದೂ ಮಾಹಿತಿ ಆಯೋಗ ಆದೇಶ ಮಾಡಿದ ಮೇಲೆ. ಊರವರ ಗುಟ್ಟು ಬಯಲು ಮಾಡುವವರ ಗುಟ್ಟು ತಿಳಿಯೋಕೆ ಆರ್‌ಟಿಐ ಅರ್ಜಿ ಹಾಕಬೇಕಾಯ್ತು, ಅಲ್ವಾ!

2016ರಲ್ಲಿ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಸ್ಯಾಟಲೈಟ್‌ಗೆ ಕಾಣುತ್ತೆ ಅಂತ ಗ್ರಾಫಿಕ್ಸ್ ಸಮೇತ ತೋರಿಸಿದವರು ನೆನಪಿದ್ದಾರಾ? 2023ರಲ್ಲಿ ಆರ್‌ಬಿಐ ಆ ನೋಟನ್ನೇ ವಾಪಸ್ ತಗೊಂಡಿತು. ಆಂಕರ್‌ಗಳನ್ನು ಯಾರೂ ವಾಪಸ್ ತಗೊಳ್ಳಲಿಲ್ಲ.

ಹೋದ ತಿಂಗಳು ನನಗೂ ಒಂದು ಫೋನ್ ಬಂತು. "ಸಾರ್, ಮಾಧ್ಯಮ ಸಾಧಕ ಪ್ರಶಸ್ತಿಗೆ ನಿಮ್ಮ ಹೆಸರು ಸೆಲೆಕ್ಟ್ ಆಗಿದೆ. ಎಂಟ್ರಿ ಫೀಸು, ಜಿಎಸ್‌ಟಿ ಬೇರೆ. ಯಾವ ವಿಭಾಗ ಅಂತ ನೀವೇ ಹೇಳಿಬಿಡಿ, ಶೀಲ್ಡ್ ಮೇಲೆ ಬರೆಸ್ತೀವಿ."

"ಎರಡನೇ ಬಹುಮಾನಕ್ಕೆ ರೇಟ್ ಕಮ್ಮಿನಾ?" ಅಂದೆ.

ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಐಟಂ ನಮ್ಮಲ್ಲಿ ಬರೋದೇ ಇಲ್ಲ ಸಾರ್" ಅಂದ.